ಸಿ-ಆರ್ಮ್ ಬದಿಗಿಟ್ಟು ಕಿಡ್ನಿ ಕಲ್ಲು ತೆಗೆಯುವಾಗ

ಎಕ್ಸ್‌ರೇ ಇಲ್ಲದೆ, ಬರೀ ಅಲ್ಟ್ರಾಸೌಂಡ್ ನೋಡಿಕೊಂಡು ಪಿಸಿಎನ್‌ಎಲ್ ಮಾಡುತ್ತೇವೆ ಎಂದಾಗ ಬೇರೆ ಸರ್ಜನ್‌ಗಳು ಮೊದಲು ಕೇಳುವುದು ಇಷ್ಟೇ: ಸೂಜಿ ಕಾಣುತ್ತದೆಯೇ? ಕಾಣುತ್ತದೆ. ಕೈ ಪಳಗಿದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಸಿ-ಆರ್ಮ್‌ನ, ಅಂದರೆ ಆಪರೇಷನ್ ನಡುವೆ ಎಕ್ಸ್‌ರೇ ತೋರಿಸುವ ಯಂತ್ರದ, ಒಂದು ಚಿತ್ರದಲ್ಲಿ ಆಳ ತಿಳಿಯುವುದಿಲ್ಲ. ಇಲ್ಲಿ ಕಣ್ಣಿಗೆ ಮೊದಲು ಬೀಳುವುದೇ ಆಳ. ತೊಡಕು ಇರುವುದು ಸೂಜಿ ಒಳಹೋದ ಮೇಲೆ, ಅದೇ ದಾರಿಯನ್ನು 18 ಅಥವಾ 24 ಫ್ರೆಂಚ್‌ವರೆಗೆ (6 ಅಥವಾ 8 ಮಿ.ಮೀ.) ಅಗಲ ಮಾಡುವಾಗ. ಈ ಬರಹದ ಹೆಚ್ಚಿನ ಜಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪಿಸಿಎನ್‌ಎಲ್ ಎಂದರೆ ಚರ್ಮದಲ್ಲಿ ಸಣ್ಣ ತೂತು ಮಾಡಿ, ಕಿಡ್ನಿಯೊಳಗೆ ಮೂತ್ರ ಬಂದು ಸೇರುವ ಬಟ್ಟಲಿಗೆ, ಅಂದರೆ ಕ್ಯಾಲಿಕ್ಸ್‌ಗೆ, ಕೊಳವೆ ಇಳಿಸಿ ಕಲ್ಲನ್ನು ಒಡೆದು ತೆಗೆಯುವುದು. 2 ಸೆಂ.ಮೀ.ಗಿಂತ ದೊಡ್ಡ ಕಲ್ಲಿಗೆ ಸಾಮಾನ್ಯವಾಗಿ ಇದೇ ಮೊದಲ ಆಯ್ಕೆ. 1976ರಲ್ಲಿ ಫರ್ನ್‌ಸ್ಟ್ರೋಮ್ ಮತ್ತು ಯೊಹಾನ್ಸನ್ ಇದನ್ನು ಸ್ವೀಡನ್‌ನಿಂದ ವರದಿ ಮಾಡಿದಾಗ ಎಕ್ಸ್‌ರೇಯೇ ದಾರಿದೀಪ, ಇಂದಿಗೂ ಬಹಳ ಕಡೆ ಹಾಗೆಯೇ ನಡೆದಿದೆ. ಆದರೆ ಅಲ್ಟ್ರಾಸೌಂಡ್ ಈ ಕೆಲಸಕ್ಕೆ ಹೊಸದೇನಲ್ಲ. ಕಿಡ್ನಿಯಿಂದ ಮೂತ್ರವನ್ನು ನೇರ ಹೊರಹರಿಸುವ ನೆಫ್ರೋಸ್ಟಮಿ ಕೊಳವೆ ಇಡಲು ಅದನ್ನು 1970ರ ದಶಕದಲ್ಲೇ ಬಳಸಿದ್ದರು.

ಬದಲಾಯಿಸುವುದೇಕೆ ಎಂಬುದಕ್ಕೆ ವಿಕಿರಣ ಮೊದಲ ಕಾರಣ, ಒಂದೇ ಕಾರಣವಲ್ಲ. ವಿಕಿರಣ ರಕ್ಷಣೆಯ ಅಂತಾರಾಷ್ಟ್ರೀಯ ಆಯೋಗ 2011ರಲ್ಲಿ, ವಿಕಿರಣದ ನಡುವೆ ಕೆಲಸ ಮಾಡುವವರ ಕಣ್ಣಿನ ಮಸೂರದ ಮಿತಿಯನ್ನು ವರ್ಷಕ್ಕೆ 150 ಮಿಲಿಸೀವರ್ಟ್‌ನಿಂದ 5 ವರ್ಷಗಳ ಸರಾಸರಿಯಲ್ಲಿ 20ಕ್ಕೆ ಇಳಿಸಿತು. ಸೀಸದ ಏಪ್ರನ್ ಮೈಯನ್ನು ಕಾಯುತ್ತದೆ, ಕಣ್ಣು ಮತ್ತು ಕೈಬೆರಳನ್ನಲ್ಲ. ರೋಗಿಯ ಕಡೆಯಿಂದ ನೋಡಿದರೆ, ಕಲ್ಲು ಮರುಕಳಿಸುವ ಕಾಯಿಲೆ. ಮಕ್ಕಳಿಗೆ, ಪದೇ ಪದೇ ಕಲ್ಲಾಗುವವರಿಗೆ ಸಿಟಿ ಸ್ಕ್ಯಾನ್‌ಗಳ ಲೆಕ್ಕ ಬೇರೆ ಸೇರುತ್ತ ಹೋಗುತ್ತದೆ. ಇವೆಲ್ಲ ಸರಿ, ಆದರೂ ನಮ್ಮನ್ನು ಹೆಚ್ಚು ಒಪ್ಪಿಸಿದ ಲಾಭ ಇನ್ನೊಂದು: ಸೂಜಿಗೂ ಕಿಡ್ನಿಗೂ ನಡುವೆ ಏನಿದೆ ಎಂಬುದು ಪ್ರೋಬ್ (ಮೈಮೇಲಿಡುವ ಅಲ್ಟ್ರಾಸೌಂಡ್ ಹಿಡಿಕೆ) ಅಡಿಯಲ್ಲಿ ನೇರ ಕಾಣುತ್ತದೆ. ಕರುಳಿನ ಕುಣಿಕೆ, ಗುಲ್ಮದ ಅಂಚು, ಪಿತ್ತಜನಕಾಂಗ, ಉಸಿರೆಳೆದಾಗ ಕೆಳಗಿಳಿಯುವ ಶ್ವಾಸಕೋಶ, ಯಾವುದನ್ನೂ ಊಹಿಸಬೇಕಾಗಿಲ್ಲ. ಯೂರಿಕ್ ಆಮ್ಲದ ಕಲ್ಲು ಎಕ್ಸ್‌ರೇಯಲ್ಲಿ ಮಾಯ. ಅಲ್ಟ್ರಾಸೌಂಡ್‌ನಲ್ಲಿ ಉಳಿದ ಕಲ್ಲುಗಳಷ್ಟೇ ಬೆಳ್ಳಗೆ, ಹಿಂದೆ ಕಪ್ಪು ನೆರಳು ಬೀರುತ್ತ ಕೂತಿರುತ್ತದೆ. ಎಕ್ಸ್‌ರೇಯಲ್ಲಿ ಕಾಣಲು ತುಂಬಿಸುವ ಕಾಂಟ್ರಾಸ್ಟ್ ದ್ರವದ ಅಲರ್ಜಿ ಇರುವವರಿಗೆ ಆ ಚಿಂತೆಯೂ ತಪ್ಪುತ್ತದೆ.

ಇಷ್ಟಾದರೂ ಮೊದಲೇ ತೆಗೆದ ಸಿಟಿ ಸ್ಕ್ಯಾನ್ ಬೇಕೇ ಬೇಕು. ಕಲ್ಲು ಯಾವ ಕ್ಯಾಲಿಕ್ಸ್‌ನಲ್ಲಿದೆ, ಯಾವ ಕ್ಯಾಲಿಕ್ಸ್ ಬೆನ್ನಿನ ಕಡೆ ಮುಖ ಮಾಡಿದೆ, ದೊಡ್ಡ ಕರುಳು ಕಿಡ್ನಿಯ ಹಿಂದೆ ಸುತ್ತಿಕೊಂಡಿದೆಯೇ, ಇವನ್ನು ಅಲ್ಲೇ ತೀರ್ಮಾನಿಸಿಕೊಂಡು ಆಪರೇಷನ್ ಕೋಣೆಗೆ ಬರಬೇಕು. ಮೂತ್ರದ ಕಲ್ಚರ್‌ನಲ್ಲಿ ಸೋಂಕು ಕಂಡರೆ ಮೊದಲು ಅದಕ್ಕೆ ಚಿಕಿತ್ಸೆ. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಯಾವಾಗ ನಿಲ್ಲಿಸಬೇಕೆಂದು ಹೃದಯ ವೈದ್ಯರ ಜೊತೆ ಕೂತು ನಿರ್ಧರಿಸಬೇಕು. ಈ ಸಿದ್ಧತೆ ಎಕ್ಸ್‌ರೇ ವಿಧಾನಕ್ಕೂ ಇದೇ ಆದ್ದರಿಂದ ವಿಸ್ತರಿಸುವುದಿಲ್ಲ.

ಅರಿವಳಿಕೆಯ ನಂತರ ಮೊದಲ ಕೆಲಸ ಮೂತ್ರನಾಳಕ್ಕೆ 5 ಅಥವಾ 6 ಫ್ರೆಂಚ್‌ನ ತುದಿ ತೆರೆದ ಕ್ಯಾತಿಟರ್ ಹಾಕುವುದು. ಫ್ರೆಂಚ್ ಎಂಬುದು ಮಿಲಿಮೀಟರಿನ ಮೂರನೇ ಒಂದು ಪಾಲು, ಅಂದರೆ 6 ಫ್ರೆಂಚ್ 2 ಮಿ.ಮೀ. ದಪ್ಪ. ಮೂತ್ರಕೋಶದೊಳಗೆ ನೋಡುವ ಸಿಸ್ಟೋಸ್ಕೋಪ್ ಮೂಲಕ ಗೈಡ್‌ವೈರ್ ಎಂಬ ತೆಳು ತಂತಿ ಏರಿಸಿ, ಅದರ ಮೇಲೆ ಕ್ಯಾತಿಟರ್ ಜಾರಿಸುತ್ತೇವೆ. ವಯಸ್ಕರಲ್ಲಿ 20ರಿಂದ 25 ಸೆಂ.ಮೀ. ಗುರುತಿನ ಆಸುಪಾಸಿನಲ್ಲಿ ಅದು ಕ್ಯಾಲಿಕ್ಸ್‌ಗಳೆಲ್ಲ ಬಂದು ಕೂಡುವ ಕಿಡ್ನಿಯ ಪೆಲ್ವಿಸ್ ತಲುಪಿರುತ್ತದೆ. ಊಹೆ ಸಾಲದು, ಸಹಾಯಕರೊಬ್ಬರು ಹೊಟ್ಟೆಯ ಬದಿಯಿಂದ ಪ್ರೋಬ್ ಇಟ್ಟರೆ ಪೆಲ್ವಿಸ್‌ನೊಳಗೆ ಎರಡು ಸಮಾನಾಂತರ ಬಿಳಿ ಗೆರೆಗಳಾಗಿ ಕ್ಯಾತಿಟರ್ ಕಾಣಬೇಕು. ಕಾಣದಿದ್ದರೆ ಒಂದೆರಡು ಮಿಲಿ ಸಲೈನ್ ತಳ್ಳಿ ಕಲರ್ ಡಾಪ್ಲರ್ ಹಾಕಿ. ದ್ರವ ನುಗ್ಗುವ ಜಾಗದಲ್ಲಿ ಬಣ್ಣ ಚಿಮ್ಮುತ್ತದೆ. ಆಮೇಲೆ ಅದನ್ನು ಮೂತ್ರಕೋಶದಲ್ಲಿಡುವ ಫೋಲೀ ಕ್ಯಾತಿಟರ್‌ಗೆ ಬಿಗಿಯಾಗಿ ಕಟ್ಟಬೇಕು. ರೋಗಿಯನ್ನು ಬೋರಲು ಮಲಗಿಸುವಾಗ ಈ ಕಟ್ಟು ಸಡಿಲಾಗಿ ಕ್ಯಾತಿಟರ್ ಕೆಳಗೆ ಜಾರಿದರೆ ಮುಂದಿನದೆಲ್ಲ ಕೆಡುತ್ತದೆ, ಏಕೆಂದರೆ ಕಿಡ್ನಿಯನ್ನು ಉಬ್ಬಿಸುವ ದಾರಿ ಅದೊಂದೇ.

ಉಬ್ಬಿಸುವುದು ಯಾಕೆ? ಒಣಗಿದ ಕ್ಯಾಲಿಕ್ಸ್ ಅಲ್ಟ್ರಾಸೌಂಡ್‌ನಲ್ಲಿ ಕಾಣುವುದೇ ಇಲ್ಲ. ಕಿಡ್ನಿಯ ನಡುವಿನ ಕೊಬ್ಬು ಬೆಳ್ಳಗೆ, ಕಲ್ಲೂ ಬೆಳ್ಳಗೆ. ನೀರು ಮಾತ್ರ ಕಪ್ಪು. ಆ ಕಪ್ಪು ಬಟ್ಟಲೇ ನಮ್ಮ ಗುರಿ. ಕ್ಯಾತಿಟರ್‌ಗೆ ಸಲೈನ್ ಬಾಟಲಿ ಜೋಡಿಸಿ ನಿಧಾನವಾಗಿ ಹರಿಸುತ್ತೇವೆ, ಚುಚ್ಚುವ ಕ್ಷಣಕ್ಕೆ ಮುಂಚೆ ಸಿರಿಂಜಿನಿಂದ ಇನ್ನು 10 ಮಿಲಿಯಷ್ಟು ಸೇರಿಸುತ್ತೇವೆ. ಜೋರಾಗಿ ಒತ್ತಬಾರದು. ಒಳಗಿನ ಒತ್ತಡ 30 ಮಿ.ಮೀ. ಪಾದರಸ ದಾಟಿದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯ ರಕ್ತಕ್ಕೆ ನುಗ್ಗುವ ಅಪಾಯ ಹೆಚ್ಚುತ್ತದೆ. ಸಿರಿಂಜು, ಕೊಳವೆ ಎಲ್ಲದರಿಂದ ಗಾಳಿಯನ್ನು ಪೂರ್ತಿ ಹೊರಹಾಕಿರಬೇಕು. ಬೋರಲು ಮಲಗಿದವರಲ್ಲಿ ಗಾಳಿಯ ಗುಳ್ಳೆ ಮೇಲೇರಿ, ನಾವು ಚುಚ್ಚಬೇಕೆಂದಿರುವ ಹಿಂಭಾಗದ ಕ್ಯಾಲಿಕ್ಸ್‌ನಲ್ಲೇ ಹೋಗಿ ಕೂರುತ್ತದೆ, ಕಲ್ಲಿನಂತೆಯೇ ಬಿಳಿ ಚುಕ್ಕೆಯಾಗಿ ಮೋಸ ಮಾಡುತ್ತದೆ. ಸಲೈನ್‌ಗೆ ಕೆಲವು ಹನಿ ಮಿಥಿಲೀನ್ ಬ್ಲೂ ಬೆರೆಸುವುದು ಒಳ್ಳೆಯ ಅಭ್ಯಾಸ; ಸೂಜಿಯಿಂದ ನೀಲಿ ಹನಿ ಬಂದರೆ ಬೇರೆ ಸಾಕ್ಷಿ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಮಾತ್ರ ಈ ಬಣ್ಣ ಬಳಸುವಂತಿಲ್ಲ.

ಭಂಗಿಯ ವಿಷಯದಲ್ಲಿ ಜಗಳ ಬೇಡ. ಬೋರಲು, ಅಂಗಾತ, ಪಕ್ಕಕ್ಕೆ, ಮೂರರಲ್ಲೂ ಅಲ್ಟ್ರಾಸೌಂಡ್ ಕೆಲಸ ಮಾಡುತ್ತದೆ. ಕಲಿಯುವವರಿಗೆ ಬೋರಲು ಸುಲಭ: ಕಿಡ್ನಿ ಚರ್ಮಕ್ಕೆ ಹತ್ತಿರ, ಜಾಗ ವಿಶಾಲ. ಹೊಟ್ಟೆಯ ಕೆಳಗೆ ದಿಂಬಿಟ್ಟರೆ ಚುಚ್ಚುವಾಗ ಕಿಡ್ನಿ ಮುಂದಕ್ಕೆ ಓಡುವುದು ಕಡಿಮೆಯಾಗುತ್ತದೆ. ಅಂಗಾತ ಮಲಗಿಸಿದರೆ ದಾರಿ ಉದ್ದ, ಕಿಡ್ನಿಯ ಓಡಾಟ ಜಾಸ್ತಿ. ಆದರೆ ಕೆಳಗಿನಿಂದ ಫ್ಲೆಕ್ಸಿಬಲ್ ಸ್ಕೋಪನ್ನೂ ಏರಿಸಿ, ಸೂಜಿ ಒಳಬರುವುದನ್ನು ಕಣ್ಣಾರೆ ನೋಡಬಹುದು. ಆ ಸೌಲಭ್ಯ ಇದ್ದಲ್ಲಿ ಅದಕ್ಕಿಂತ ನಿಶ್ಚಿಂತೆಯ ವಿಧಾನ ಇನ್ನೊಂದಿಲ್ಲ.

ಯಂತ್ರದ ಪರದೆ ಸರ್ಜನ್ ಎದುರಿಗೆ, ಕಣ್ಣಿನ ಮಟ್ಟದಲ್ಲಿ ಇರಲಿ. ಕತ್ತು ತಿರುಗಿಸಿ ನೋಡುವವರ ಕೈಯಲ್ಲಿ ಪ್ರೋಬ್ ತಾನಾಗಿಯೇ ಒಂದೆರಡು ಡಿಗ್ರಿ ವಾಲುತ್ತದೆ. ಸೂಜಿಯ ತುದಿ ಕಳೆದುಹೋಗಲು ಅಷ್ಟು ಸಾಕು. 3.5 ಮೆಗಾಹರ್ಟ್ಸ್ ಆಸುಪಾಸಿನ ಬಾಗಿದ ಮುಖದ ಪ್ರೋಬ್ ವಯಸ್ಕರಿಗೆ ಸರಿ. ಆಳವನ್ನು 10ರಿಂದ 12 ಸೆಂ.ಮೀ.ಗೆ ಇಟ್ಟು, ಫೋಕಸ್ ಗುರಿಯ ಕ್ಯಾಲಿಕ್ಸ್ ಮೇಲಿರಲಿ. ಗೇನ್, ಅಂದರೆ ಚಿತ್ರದ ಹೊಳಪು, ಹೆಚ್ಚಿಸುವ ಚಪಲ ಎಲ್ಲರಿಗೂ ಇದೆ. ಹೆಚ್ಚಿಸಿದರೆ ಕಪ್ಪು ಬಟ್ಟಲು ಬೂದು ಬಣ್ಣವಾಗಿ, ಸೂಜಿಯ ಬಿಳಿ ಗೆರೆ ಅದರಲ್ಲಿ ಕರಗುತ್ತದೆ. ಸ್ಟೆರೈಲ್ ಕವರಿನ ಒಳಗೆ ಜೆಲ್ ಹಾಕುವಾಗ ಗುಳ್ಳೆ ಉಳಿಯಬಾರದು. ಹೊರಗೆ ಜೆಲ್ ಬದಲು ಸಲೈನ್‌ನಿಂದ ಒದ್ದೆ ಮಾಡಿಕೊಂಡರೆ ಸೂಜಿ ಹಿಡಿದ ಬೆರಳು ಜಾರುವುದಿಲ್ಲ.

ಪ್ರೋಬನ್ನು ಮೊದಲು ಕಿಡ್ನಿಯ ಉದ್ದಕ್ಕೆ ಇಟ್ಟು ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಸಾವಕಾಶ ಸರಿಸಿ, ಆಮೇಲೆ ಅಡ್ಡಕ್ಕೆ ತಿರುಗಿಸಿ. ಬೋರಲು ಭಂಗಿಯಲ್ಲಿ ಪ್ರೋಬ್‌ಗೆ ಹತ್ತಿರ ಕಾಣುವ ಕ್ಯಾಲಿಕ್ಸ್ ಹಿಂಭಾಗದ್ದು, ದೂರದ್ದು ಮುಂಭಾಗದ್ದು. ಸಿ-ಆರ್ಮ್‌ನಲ್ಲಿ ಇದನ್ನು ತಿಳಿಯಲು ಕೋನ ಬದಲಿಸಿ ಎರಡೆರಡು ಚಿತ್ರ ತೆಗೆಯಬೇಕು. ಇಲ್ಲಿ ಒಂದೇ ನೋಟದಲ್ಲಿ ಮುಗಿಯಿತು. ಪಕ್ಕೆಲುಬಿನ ನೆರಳು ಅಡ್ಡ ಬಂದರೆ ಪ್ರೋಬನ್ನು ಪಕ್ಕೆಲುಬಿಗೆ ಸಮಾನಾಂತರವಾಗಿ ಓರೆ ಮಾಡಿ. ಪಕ್ಕೆಲುಬುಗಳ ನಡುವೆಯೇ ಹೋಗಬೇಕಾದಾಗ ಕೆಳಗಿನ ಪಕ್ಕೆಲುಬಿನ ಮೇಲಂಚನ್ನು ಸವರಿಕೊಂಡು ಹೋಗಬೇಕು, ಏಕೆಂದರೆ ರಕ್ತನಾಳ ಮತ್ತು ನರ ಪ್ರತಿ ಪಕ್ಕೆಲುಬಿನ ಕೆಳಂಚಿನಲ್ಲಿವೆ. ಚುಚ್ಚುವ ಗೆರೆಯ ಮೇಲೆ ಒಮ್ಮೆ ಡಾಪ್ಲರ್ ಹಾಕಿ ದೊಡ್ಡ ರಕ್ತನಾಳ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಅರ್ಧ ನಿಮಿಷ ಸಾಕು.

18 ಗೇಜಿನ, 15ರಿಂದ 20 ಸೆಂ.ಮೀ. ಉದ್ದದ ಸೂಜಿ ನಮ್ಮ ಆಯ್ಕೆ. ಇನ್ನೂ ತೆಳುವಾದದ್ದು ಬಾಗುತ್ತದೆ, ಬಾಗಿದ ಸೂಜಿ ಪ್ರೋಬಿನ ಸಮತಲ ಬಿಟ್ಟು ಹೊರಗೆ ಹೋಗುತ್ತದೆ. ಅಲ್ಟ್ರಾಸೌಂಡ್ ತೋರಿಸುವುದು ಕೆಲವೇ ಮಿಲಿಮೀಟರ್ ದಪ್ಪದ ಒಂದು ಹಾಳೆಯನ್ನು. ಸೂಜಿಯ ಪೂರ್ತಿ ಉದ್ದ ಆ ಹಾಳೆಯೊಳಗೇ ಇರಬೇಕು. ಹೊಸಬರು ಇಲ್ಲಿ ತಪ್ಪುವುದು ಒಂದೇ ರೀತಿಯಲ್ಲಿ: ಹಾಳೆಯನ್ನು ಅಡ್ಡಲಾಗಿ ದಾಟಿದ ಸೂಜಿಯ ನಡುಭಾಗವನ್ನು ತುದಿ ಎಂದುಕೊಂಡು ಇನ್ನೂ ಮುಂದೆ ತಳ್ಳುವುದು. ತುದಿ ಕಾಣದಾದಾಗ ಸೂಜಿಯನ್ನು ಅಲ್ಲೇ ನಿಲ್ಲಿಸಿ, ಪ್ರೋಬನ್ನು ಮಾತ್ರ ಕೂದಲೆಳೆಯಷ್ಟು ಅತ್ತಿತ್ತ ವಾಲಿಸಿ ಹುಡುಕಬೇಕು. ಎರಡನ್ನೂ ಒಟ್ಟಿಗೆ ಅಲುಗಾಡಿಸಿದರೆ ಸಿಗುವುದಿಲ್ಲ. ಸೂಜಿಯೊಳಗಿನ ಸ್ಟೈಲೆಟನ್ನು ಸ್ವಲ್ಪ ಹಿಂದೆ ಮುಂದೆ ಆಡಿಸಿದರೆ ತುದಿಯ ಬಳಿ ಮಿಣುಕು ಕಾಣುತ್ತದೆ. ಸೂಜಿ ಕಡಿದಾಗಿ ಇಳಿದಷ್ಟೂ ಮಂಕು. ಪ್ರೋಬಿನ ಮುಖಕ್ಕೆ ಓರೆಯಾದಷ್ಟೂ ಸ್ಪಷ್ಟ. ಪ್ರೋಬಿಗೆ ಸಿಕ್ಕಿಸುವ ಗೈಡ್ ಬಳಸಬಹುದು, ತಪ್ಪೇನಿಲ್ಲ, ಆದರೆ ಕೋನ ಅದರ ಇಷ್ಟದ್ದು, ನಿಮ್ಮದಲ್ಲ.

ಕ್ಯಾಲಿಕ್ಸ್‌ನ ಕಂಠಕ್ಕೆ ಚುಚ್ಚಬಾರದು, ಅದರ ಬಟ್ಟಲಿನ ನಡುವಿಗೆ, ಪ್ಯಾಪಿಲ್ಲಾ (ಕಿಡ್ನಿಯ ಮಾಂಸ ಬಟ್ಟಲೊಳಗೆ ಚಾಚಿದ ತುದಿ) ಮೂಲಕ ಹೋಗಬೇಕು. ಕಂಠದ ಸುತ್ತ ದೊಡ್ಡ ರಕ್ತನಾಳಗಳು ಒತ್ತೊತ್ತಾಗಿವೆ. ಅರಿವಳಿಕೆ ವೈದ್ಯರಿಗೆ ಹೇಳಿ ಉಸಿರನ್ನು ಒಂದು ಹಂತದಲ್ಲಿ ನಿಲ್ಲಿಸಿಕೊಂಡು, ಕಿಡ್ನಿಯ ಹೊದಿಕೆ ದಾಟುವಾಗ ಕೈಗೆ ಸಿಗುವ ಸಣ್ಣ ತಡೆಯನ್ನೂ ಪರದೆಯನ್ನೂ ಒಟ್ಟಿಗೆ ಗಮನಿಸುತ್ತ ಒಳಗೆ ನಡೆಸುತ್ತೇವೆ. ಸ್ಟೈಲೆಟ್ ತೆಗೆದಾಗ ನೀಲಿ ದ್ರವ ಹನಿಯಬೇಕು. ಕೆಂಪು ರಕ್ತ ಚಿಮ್ಮಿದರೆ ದಾರಿ ತಪ್ಪಿದೆ. ಏನೂ ಬರದಿದ್ದರೆ ಗಾಬರಿ ಬೇಡ, ಕ್ಯಾತಿಟರ್‌ನಿಂದ ಇನ್ನಷ್ಟು ಸಲೈನ್ ತಳ್ಳಿ ನೋಡಿ. ಮೊದಲ ಚುಚ್ಚು ಗುರಿ ತಪ್ಪಿ ಮೂತ್ರ ಸೇರುವ ಭಾಗವನ್ನು ಬೇರೆಲ್ಲೋ ಹೊಕ್ಕಿದ್ದರೆ ಆ ಸೂಜಿಯನ್ನು ಕಿತ್ತುಹಾಕಬೇಡಿ, ಎರಡನೆಯದನ್ನು ಪಕ್ಕದಲ್ಲಿ ಹಾಕಿ. ಕಿತ್ತರೆ ತೂತಿನಿಂದ ನೀರು ಸೋರಿ ಕ್ಯಾಲಿಕ್ಸ್ ಕುಸಿಯುತ್ತದೆ, ಕಿಡ್ನಿಯ ಸುತ್ತ ದ್ರವ ಸೇರಿ ಚಿತ್ರ ಮಸುಕಾಗುತ್ತದೆ. ಪ್ರತಿ ವಿಫಲ ಚುಚ್ಚು ಮುಂದಿನದನ್ನು ಇನ್ನಷ್ಟು ಕಷ್ಟ ಮಾಡುತ್ತದೆ.

ಸೂಜಿಯ ಮೂಲಕ 0.035 ಇಂಚಿನ ಗೈಡ್‌ವೈರ್. ಅದು ಮೂತ್ರನಾಳಕ್ಕೆ ಇಳಿದರೆ ಒಳ್ಳೆಯದು, ಆದರೆ ಅಲ್ಟ್ರಾಸೌಂಡ್‌ನಲ್ಲಿ ಅದನ್ನು ಅಲ್ಲಿಗೇ ತಿರುಗಿಸುವುದು ಹೆಚ್ಚುಕಡಿಮೆ ಅದೃಷ್ಟದ ಮಾತು. ಪೆಲ್ವಿಸ್‌ನಲ್ಲಿ ಅಥವಾ ದೂರದ ಕ್ಯಾಲಿಕ್ಸ್‌ನಲ್ಲಿ ಸಾಕಷ್ಟು ಸುರುಳಿ ಸುತ್ತಿಕೊಂಡಿರಬೇಕು. ಇಡೀ ಕಿಡ್ನಿ ತುಂಬಿದ ಸ್ಟ್ಯಾಗ್‌ಹಾರ್ನ್ ಕಲ್ಲಿನಲ್ಲಿ ಆ ಜಾಗವೇ ಇರುವುದಿಲ್ಲ. ಸೂಜಿಯ ತುದಿ ಕಲ್ಲಿಗೆ ತಾಗಿ ಕರಕರ ಎನ್ನುತ್ತದೆ. ಆಗ ಮೊದಲು ಜಾರುವ ಹೈಡ್ರೋಫಿಲಿಕ್ ವೈರನ್ನು ಕಲ್ಲಿನ ಪಕ್ಕದಿಂದ ನುಸುಳಿಸಿ, ಆಮೇಲೆ ಗಟ್ಟಿ ವೈರಿಗೆ ಬದಲಿಸಿಕೊಳ್ಳಬೇಕು. ಜಾರುವ ವೈರಿನ ಮೇಲೆ ಡೈಲೇಟ್ ಮಾಡಲು, ಅಂದರೆ ದಾರಿ ಅಗಲಿಸಲು, ಹೋಗಬೇಡಿ. ಒದ್ದೆ ಕೈಯಲ್ಲಿ ಅದು ಹೊರಬಂದದ್ದು ಗೊತ್ತೇ ಆಗುವುದಿಲ್ಲ.

ಈಗ ಕಷ್ಟದ ಭಾಗ.

ಸಿ-ಆರ್ಮ್‌ನಲ್ಲಿ ಡೈಲೇಟರ್ ಎಲ್ಲಿಯವರೆಗೆ ಹೋಯಿತೆಂದು ಪ್ರತಿ ಹೆಜ್ಜೆಗೂ ಕಾಣುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಡೈಲೇಟರ್ ತಾನೇ ನೆರಳು ಬೀರುತ್ತದೆ, ಸುತ್ತ ರಕ್ತ ಜಿನುಗುತ್ತದೆ, ಕ್ಯಾಲಿಕ್ಸ್ ಖಾಲಿಯಾಗುತ್ತದೆ. ಅದಕ್ಕೇ ಇಲ್ಲಿ ಅಳತೆ ಕಣ್ಣಿಗಿಂತ ಮುಖ್ಯ. ಸೂಜಿ ತೆಗೆಯುವ ಮೊದಲು ಚರ್ಮದ ಹೊರಗೆ ಉಳಿದ ಭಾಗವನ್ನು ಸ್ಕೇಲಿನಿಂದ ಅಳೆಯಿರಿ. 20 ಸೆಂ.ಮೀ. ಸೂಜಿಯಲ್ಲಿ 12.5 ಹೊರಗಿದ್ದರೆ ಒಳಗಿನ ದಾರಿ 7.5. ಅದೇ ಗುರುತನ್ನು ಪ್ರತಿ ಡೈಲೇಟರ್ ಮೇಲೂ ಹಾಕಿಕೊಳ್ಳಿ. ಪರದೆಯ ಮೇಲೆ ಕಾಣುವ ಆಳವನ್ನು ಇದಕ್ಕೆ ಬಳಸಬಾರದು, ಅದು ನೇರ ಆಳ, ನಮ್ಮ ದಾರಿ ಓರೆ. ಇನ್ನೊಂದು ಸೂಕ್ಷ್ಮ ಇದೆ. ಕೊಬ್ಬು ಹೆಚ್ಚಿರುವವರಲ್ಲಿ ಪ್ರೋಬ್ ಒತ್ತಿದಾಗ ಚರ್ಮ ಒಂದೆರಡು ಸೆಂ.ಮೀ. ತಗ್ಗುತ್ತದೆ, ಪ್ರೋಬ್ ಎತ್ತಿದ ಕೂಡಲೇ ಮೇಲೇಳುತ್ತದೆ. ಆದ್ದರಿಂದ ಪ್ರೋಬ್ ಎತ್ತಿ, ಸೂಜಿಯ ತುದಿ ಕ್ಯಾಲಿಕ್ಸ್‌ನಲ್ಲೇ ಇದೆಯೆಂದು ದ್ರವ ಹನಿಯುವುದರಿಂದ ಖಚಿತಮಾಡಿಕೊಂಡು, ಆಮೇಲೆ ಅಳೆಯಬೇಕು.

ಡೈಲೇಟರ್ ತಳ್ಳುವಾಗ ಕಿಡ್ನಿ ತಾನೂ ಮುಂದಕ್ಕೆ ಸರಿಯುತ್ತದೆ. ಗುರುತು ಚರ್ಮ ಮುಟ್ಟಿದೆ, ಆದರೂ ತುದಿ ಕಿಡ್ನಿಯ ಹೊದಿಕೆಯ ಹೊರಗೇ ಇದೆ ಎಂಬ ಸ್ಥಿತಿ ಇದರಿಂದಲೇ ಬರುತ್ತದೆ. ತಳ್ಳುವ ಬದಲು ತಿರುಗಿಸುತ್ತ ಸಾಗಬೇಕು. ಪ್ರತಿ ಒಂದು ಸೆಂ.ಮೀ.ಗೂ ನಿಲ್ಲಿಸಿ ಗೈಡ್‌ವೈರನ್ನು ಹಿಂದೆ ಮುಂದೆ ಎಳೆದು ನೋಡಬೇಕು. ಸಲೀಸಾಗಿ ಆಡಿದರೆ ದಾರಿ ನೇರವಾಗಿದೆ. ಬಿಗಿಯಾದರೆ ವೈರ್ ಮಡಚಿ ಬಾಗಿದೆ, ಡೈಲೇಟರ್ ಕಿಡ್ನಿಯ ಪಕ್ಕಕ್ಕೆ ಹೊರಟಿದೆ. ಆ ಡೈಲೇಟರನ್ನು ಹಿಂದೆ ತೆಗೆದು ಸಣ್ಣದರಿಂದ ಮತ್ತೆ ಶುರುಮಾಡಿ. ಒಬ್ಬ ಸಹಾಯಕರ ಕೆಲಸ ವೈರ್ ಹಿಡಿಯುವುದು ಮಾತ್ರ, ಬೇರೇನೂ ಅಲ್ಲ.

ಕಡಿಮೆ ಆಳಕ್ಕೆ ನಿಲ್ಲುವುದು, ಹೆಚ್ಚು ಆಳಕ್ಕೆ ಹೋಗುವುದು, ಎರಡೂ ತಪ್ಪೇ. ಆದರೆ ಸಮ ತಪ್ಪುಗಳಲ್ಲ. ಕಡಿಮೆಯಾದರೆ ಶೀತ್, ಅಂದರೆ ದಾರಿಯನ್ನು ತೆರೆದಿಡುವ ಕೊಳವೆ, ಕಿಡ್ನಿಯ ಮಾಂಸದಲ್ಲಿ ನಿಂತಿರುತ್ತದೆ. ಸ್ಕೋಪ್ ಹಾಕಿ, ವೈರನ್ನೇ ಹಿಂಬಾಲಿಸಿ, ಕಣ್ಣೆದುರೇ ಉಳಿದ ದೂರವನ್ನು ದಾಟಬಹುದು. ಹೆಚ್ಚಾದರೆ ಪೆಲ್ವಿಸ್‌ನ ಒಳಗೋಡೆ ತೂತಾಗುತ್ತದೆ, ಅದರಾಚೆ ಕಿಡ್ನಿಯ ದೊಡ್ಡ ರಕ್ತನಾಳಗಳಿವೆ. ಹಾಗಾಗಿ ಅನುಮಾನ ಬಂದಾಗ ಅರ್ಧ ಸೆಂ.ಮೀ. ಮೊದಲೇ ನಿಲ್ಲಿಸುವುದು ನಮ್ಮ ನಿಯಮ.

ಇದಕ್ಕಿಂತ ಸುರಕ್ಷಿತ ಉಪಾಯ ಎರಡು ಹಂತಗಳಲ್ಲಿ ಅಗಲಿಸುವುದು. ಮೊದಲು 16 ಫ್ರೆಂಚ್‌ವರೆಗೆ ಮಾತ್ರ ಹೋಗಿ, ಸಣ್ಣ ಶೀತ್ ಇಟ್ಟು, ತೆಳ್ಳಗಿನ ಯೂರೆಟರೋಸ್ಕೋಪ್ ತೂರಿಸಿ ನೋಡುತ್ತೇವೆ. ಕಲ್ಲೋ ನುಣುಪಾದ ಒಳಪದರವೋ ಕಂಡರೆ ಸರಿಯಾದ ಜಾಗ. ಹಳದಿ ಕೊಬ್ಬು ಕಂಡರೆ ಕಿಡ್ನಿಯ ಹೊರಗಿದ್ದೇವೆ. ಸ್ಥಳ ಖಾತ್ರಿಯಾದ ಮೇಲೆ, ಅಗತ್ಯವಿದ್ದರೆ ಮಾತ್ರ, 24ಕ್ಕೆ ಏರುವುದು. ಕಲ್ಲು ತುಂಬ ದೊಡ್ಡದಲ್ಲದಿದ್ದರೆ 16–18 ಫ್ರೆಂಚ್‌ನಲ್ಲೇ ಲೇಸರ್‌ನಿಂದ ಮುಗಿಸಬಹುದು. ಹೆಚ್ಚು ಸಮಯ ಹಿಡಿಯುತ್ತದೆ, ರಕ್ತ ಕಡಿಮೆ ಹೋಗುತ್ತದೆ.

ಉಪಕರಣಗಳಲ್ಲಿ ಆಲ್ಕನ್‌ನ ಲೋಹದ ಡೈಲೇಟರ್‌ಗಳು ಅಲ್ಟ್ರಾಸೌಂಡ್‌ನಲ್ಲಿ ಹೊಳೆಯುತ್ತವೆ, ಹಳೆಯ ಆಪರೇಷನ್ನಿನ ಗಾಯದ ಅಂಗಾಂಶವನ್ನೂ ದಾಟುತ್ತವೆ. ಗಟ್ಟಿಯಾದ್ದರಿಂದ ಮುಂದೆ ತೂತು ಮಾಡುವ ಭಯವೂ ಅವುಗಳದ್ದೇ. ಬಲೂನ್ ಒಂದೇ ಸಲಕ್ಕೆ ಅಗಲಿಸುತ್ತದೆ, ಕಿಡ್ನಿಯನ್ನು ತಳ್ಳುವುದಿಲ್ಲ. ಗಾಳಿಯ ಬದಲು ಸಲೈನ್ ತುಂಬಿಸಿದರೆ ಎರಡು ಬಿಳಿ ಗೆರೆಗಳ ನಡುವಿನ ಕಪ್ಪು ಕೊಳವೆಯಾಗಿ ಚೆನ್ನಾಗಿ ಕಾಣುತ್ತದೆ. ಅದರ ತುದಿ ಕ್ಯಾಲಿಕ್ಸ್ ಒಳಗಿದೆಯೆಂದು ನೋಡಿಯೇ ಉಬ್ಬಿಸಬೇಕು. ಗಾಯದ ಅಂಗಾಂಶ ಗಟ್ಟಿಯಿದ್ದಲ್ಲಿ ಅದು ಸೋಲುತ್ತದೆ. ಯಾವುದೇ ಇರಲಿ, ಆಂಪ್ಲಾಟ್ಜ್ ಶೀತನ್ನು ಡೈಲೇಟರ್‌ನ ಅಗಲ ಭಾಗ ಮುಗಿಯುವಲ್ಲಿಗೆ ನಿಲ್ಲಿಸಬೇಕು. ಚೂಪಾದ ಮುಂಭಾಗದ ಮೇಲೂ ಜಾರಿಸಿದರೆ ಶೀತ್‌ನ ಅಂಚೇ ಕತ್ತಿಯಾಗುತ್ತದೆ.

ಶೀತ್ ಒಳಗೆ ಕೂತ ಮೇಲೆ ಕಲ್ಲೊಡೆಯುವುದು ಎಲ್ಲರಿಗೂ ಗೊತ್ತಿರುವ ಕೆಲಸ. ದೇಹದ ಉಷ್ಣತೆಯ ನಾರ್ಮಲ್ ಸಲೈನ್ ಮಾತ್ರ ಬಳಸಿ, ಬರೀ ನೀರು ಬೇಡ. ಶೀತ್‌ನಿಂದ ಹೊರಹರಿವು ಸರಾಗವಾಗಿರಲಿ. ರಕ್ತದಿಂದ ಏನೂ ಕಾಣದಾದರೆ ಹಟ ಬೇಡ. ನೆಫ್ರೋಸ್ಟಮಿ ಕೊಳವೆ ಇಟ್ಟು, ಅದನ್ನು ಸ್ವಲ್ಪ ಹೊತ್ತು ಮುಚ್ಚಿ, ಇನ್ನೊಂದು ದಿನ ಬರಬಹುದು.

ಉಳಿದ ಚೂರುಗಳನ್ನು ಹುಡುಕುವಲ್ಲಿ ಅಲ್ಟ್ರಾಸೌಂಡ್ ಮತ್ತೆ ಕೆಲಸಕ್ಕೆ ಬರುತ್ತದೆ, ಮಿತಿಯೊಂದಿಗೆ. ಈ ಹೊತ್ತಿಗೆ ಒಳಗೆ ಗಾಳಿ, ಹೆಪ್ಪುಗಟ್ಟಿದ ರಕ್ತ, ಚೂರು ಎಲ್ಲ ಕಲೆತಿರುತ್ತವೆ. ಹೆಪ್ಪಿಗೆ ನೆರಳಿಲ್ಲ, ಗಾಳಿ ಜಾಗ ಬದಲಿಸುತ್ತದೆ. ಕಲ್ಲು ಕಲರ್ ಡಾಪ್ಲರ್‌ನಲ್ಲಿ ಅನೇಕ ಸಲ ಬಣ್ಣಬಣ್ಣವಾಗಿ ಮಿನುಗುತ್ತದೆ. ಗಾತ್ರವನ್ನು ಮಾತ್ರ ಪೂರ್ತಿ ನಂಬಬೇಡಿ, ಸಣ್ಣ ಚೂರನ್ನು ಅಲ್ಟ್ರಾಸೌಂಡ್ ದೊಡ್ಡದು ಮಾಡಿ ತೋರಿಸುತ್ತದೆ. ಚೂರಿನ ಹಿಂದಿನ ನೆರಳಿನ ಅಗಲ ಅಳೆದರೆ ಸತ್ಯಕ್ಕೆ ಹತ್ತಿರ. ಪ್ರೋಬ್ ತೋರಿಸಿದ ಕ್ಯಾಲಿಕ್ಸ್‌ಗೆ ಫ್ಲೆಕ್ಸಿಬಲ್ ಸ್ಕೋಪ್ ಕಳಿಸಿ ಕಣ್ಣಲ್ಲಿ ನೋಡಿಯೇ ಮುಗಿಸಬೇಕು.

ಸಿ-ಆರ್ಮ್ ಎಂದಿಗೂ ಕಟ್ಟಡದಾಚೆ ಇರಬಾರದು, ಕೋಣೆಯಲ್ಲೇ ಗೋಡೆಗೆ ಸರಿದು ನಿಂತಿರಲಿ. ತುಂಬ ದಪ್ಪ ಮೈ, ಉಬ್ಬಿಸಿದರೂ ಉಬ್ಬದ ಕ್ಯಾಲಿಕ್ಸ್, ಕಳೆದುಹೋದ ವೈರ್, ಇಂಥಲ್ಲಿ ಹಟಕ್ಕೆ ಬಿದ್ದು ಅಲ್ಟ್ರಾಸೌಂಡ್‌ನಲ್ಲೇ ಮುಂದುವರಿಯುವುದು ಮೂರ್ಖತನ. ಕಲಿಯುವವರಿಗೂ ನಮ್ಮ ಸಲಹೆ ಇದೇ: ಮೊದಲು ಚೆನ್ನಾಗಿ ಉಬ್ಬಿದ ಕಿಡ್ನಿ, ತೆಳ್ಳಗಿನ ಮೈ, ಒಂದೇ ಕಲ್ಲು ಇರುವವರನ್ನು ಆರಿಸಿಕೊಂಡು ಚುಚ್ಚುವುದನ್ನು ಮಾತ್ರ ಅಲ್ಟ್ರಾಸೌಂಡ್‌ನಲ್ಲಿ ಮಾಡಿ, ಅಗಲಿಸುವುದಕ್ಕೆ ಎಕ್ಸ್‌ರೇ ಬಳಸಿ. ಚುಚ್ಚು ತಪ್ಪದಂತಾದ ಮೇಲೆ ಅಗಲಿಸುವಾಗಿನ ಎಕ್ಸ್‌ರೇಯನ್ನೂ ಬಿಡಬಹುದು.

ಕೊನೆಯಲ್ಲಿ ಸ್ಟೆಂಟ್ (ಮೂತ್ರನಾಳದಲ್ಲಿ ಬಿಡುವ, ಎರಡೂ ತುದಿ ಸುರುಳಿಯಾದ ಕೊಳವೆ) ಹಾಕುವುದಾದರೆ ಮೂತ್ರಕೋಶವನ್ನು ಸಲೈನ್‌ನಿಂದ ತುಂಬಿಸಿ, ಹೊಟ್ಟೆಯ ಕಡೆಗೆ ಪ್ರೋಬ್ ತಲುಪುವ ಭಂಗಿಯಿದ್ದರೆ ಕೆಳಗಿನ ಸುರುಳಿಯನ್ನು ಆಗಲೇ ನೋಡಿ. ಬೋರಲಿದ್ದವರಲ್ಲಿ ಅಂಗಾತ ತಿರುಗಿಸಿದ ಕೂಡಲೇ ನೋಡಿ. ಮೇಲಿನ ಸುರುಳಿಯನ್ನು ಸ್ಕೋಪ್‌ನಲ್ಲೇ ಕಾಣಬಹುದು. ಪಕ್ಕೆಲುಬಿನ ಮೇಲಿನಿಂದ ದಾರಿ ಮಾಡಿದ್ದರೆ, ಅರಿವಳಿಕೆ ಇಳಿಸುವ ಮುಂಚೆ ಅದೇ ಪ್ರೋಬನ್ನು ಎದೆಗೂಡಿನ ಕೆಳಭಾಗಕ್ಕೆ ಸರಿಸಿ. ವಪೆಯ ಮೇಲೆ ಕಪ್ಪು ಪಟ್ಟಿ ಕಂಡರೆ ಶ್ವಾಸಕೋಶದ ಸುತ್ತ ದ್ರವ ಸೇರಿದೆ, ಅದನ್ನು ಅಲ್ಲಿಯೇ ಸೂಜಿ ಅಥವಾ ಸಣ್ಣ ಕೊಳವೆಯಿಂದ ಹೊರತೆಗೆಯುವುದು ವಾರ್ಡಿಗೆ ಹೋದ ಮೇಲೆ ತೆಗೆಯುವುದಕ್ಕಿಂತ ಎಷ್ಟೋ ಸುಲಭ. ಮನೆಗೆ ಹೋದ ಮೇಲೂ ಒಂದೆರಡು ವಾರದೊಳಗೆ ಮೂತ್ರದಲ್ಲಿ ಗಾಢ ಕೆಂಪು ರಕ್ತ ಹೋದರೆ ತಡಮಾಡದೆ ಮರಳಿ ಬರಬೇಕೆಂದು ರೋಗಿಗೆ ಬರೆದುಕೊಡಬೇಕು. ದಾರಿಯಲ್ಲಿ ಗಾಯಗೊಂಡ ರಕ್ತನಾಳ ಬುಗ್ಗೆಯಂತೆ ಉಬ್ಬಿ ತಡವಾಗಿ ಒಡೆಯುವುದುಂಟು. ಅದನ್ನು ಗುರುತಿಸಲು ಡಾಪ್ಲರ್ ಅನೇಕ ಸಲ ಸಾಕಾಗುತ್ತದೆ, ಮುಚ್ಚಲು ಮಾತ್ರ ಆಂಜಿಯೋಗ್ರಫಿ ಬೇಕು, ಅಲ್ಲಿ ಎಕ್ಸ್‌ರೇಗೆ ಬದಲಿಯಿಲ್ಲ.